ವಾರಕ್ಕೊಂದು ವಿಶ್ರಾಂತಿ ದಿನ: ಇಡೀ ದಿನವೋ, ಎರಡು ಅರ್ಧ ದಿನವೋ, ಸರದಿಯೋ?

ವಾರದ ರಜೆ ಇದ್ದವರಿಗೆಲ್ಲ ವಿಶ್ರಾಂತಿ ಸಿಗುತ್ತದೆ ಎಂದೇನಿಲ್ಲ. ಆರು ದಿನ ಮುಂದಕ್ಕೆ ತಳ್ಳುತ್ತಾ ಬಂದ ಬಟ್ಟೆ ಒಗೆತ, ಬಿಲ್ ಕಟ್ಟುವುದು, ಮನೆ ಒರೆಸುವುದು, ಮಕ್ಕಳ ಪ್ರಾಜೆಕ್ಟ್, ಬಾಕಿ ಇಮೇಲ್ ಎಲ್ಲವೂ ಆ ಒಂದು ದಿನದ ಮೇಲೆ ಬಂದು ಬೀಳುತ್ತವೆ. ರಾತ್ರಿ ಮಲಗುವ ಹೊತ್ತಿಗೆ ಕೆಲಸದ ದಿನಕ್ಕಿಂತ ಹೆಚ್ಚೇ ಸುಸ್ತಾಗಿರುತ್ತದೆ. ಆದ್ದರಿಂದ ಆ ದಿನ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಡಿ. ಮೊದಲು ತೀರ್ಮಾನ ಆಗಬೇಕಾದ ಸಂಗತಿ ಮೂರು: ಬಿಡುವು ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಮುಗಿಯುತ್ತದೆ, ಆ ಹೊತ್ತಿನಲ್ಲಿ ಮನೆಗೆಲಸ ಯಾರ ಕೈಯಲ್ಲಿರುತ್ತದೆ. ಇವು ಗಟ್ಟಿಯಾಗಿದ್ದರೆ ಆರು ಗಂಟೆಯ ಬಿಡುವೂ ಮೈಗೆ ಹತ್ತುತ್ತದೆ. ಸಡಿಲವಾಗಿದ್ದರೆ ಎರಡು ದಿನ ರಜೆ ಸಿಕ್ಕರೂ ಕೈಗೆ ಸಿಗದೆ ಸೋರಿಹೋಗುತ್ತದೆ.

ಇಲ್ಲಿ ಹೋಲಿಸುತ್ತಿರುವುದು ನಾಲ್ಕು ಬಗೆಗಳನ್ನು. ಸಂಜೆಯಿಂದ ಮರುದಿನ ಸಂಜೆಯವರೆಗಿನ 24 ಗಂಟೆ. ಎದ್ದಾಗಿನಿಂದ ಮಲಗುವವರೆಗಿನ ಒಂದು ಹಗಲು. ವಾರದಲ್ಲಿ ಎರಡು ಅರ್ಧ ದಿನ. ಪಾಳಿಯ ಪಟ್ಟಿ ನೋಡಿಕೊಂಡು ವಾರವಾರವೂ ಬದಲಾಗುವ ದಿನ.

ಉತ್ತರ ಬೇಗ ಬೇಕಾದವರಿಗೆ ನಮ್ಮ ಸಲಹೆ ಇದು. ಸಂಜೆ ಆರೇಳರೊಳಗೆ ಕೆಲಸ ಮುಗಿಯುವ, ದೊಡ್ಡ ಮಕ್ಕಳಿರುವ ಅಥವಾ ಮಕ್ಕಳಿಲ್ಲದ ಮನೆಗೆ ಸಂಜೆಯಿಂದ ಸಂಜೆಗೆ. ರಾತ್ರಿ ಒಂಬತ್ತರವರೆಗೆ ಕೆಲಸ ಇರುವವರಿಗೆ ಹಗಲಿನ ದಿನ. ಐದು ವರ್ಷದೊಳಗಿನ ಮಗು ಇರುವ ಮನೆಗೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ, ಬಾಗಿಲು ಹಾಕಲಾಗದ ವ್ಯಾಪಾರ ಇರುವವರಿಗೆ ಎರಡು ಅರ್ಧ ದಿನ. ರಾತ್ರಿಪಾಳಿಯವರಿಗೆ ಬದಲಾಗುವ ದಿನ ಬಿಟ್ಟು ಬೇರೆ ದಾರಿಯಿಲ್ಲ. ಅದನ್ನು ಸರಿಯಾಗಿ ಲೆಕ್ಕ ಹಾಕುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಮೊದಲು ದಣಿವು ಎಂಥದ್ದು ಎಂದು ನೋಡಿ

ಇಡೀ ದಿನ ಕೂತು ಪರದೆ ನೋಡುವವರ ಮೈ ದಣಿದಿರುವುದಿಲ್ಲ. ದಣಿದಿರುವುದು ಕಣ್ಣು, ಕತ್ತು, ಗಮನ. ಅಂಥವರು ರಜೆಯ ದಿನ ಮಂಚದ ಮೇಲೆ ಮಲಗಿ ಫೋನ್ ನೋಡಿದರೆ ಅದು ಅದೇ ಕೆಲಸದ ಮುಂದುವರಿಕೆ. ಅವರಿಗೆ ಬೇಕಾದದ್ದು ನಡಿಗೆ, ಕೈಕೆಲಸ, ದೂರದ ನೋಟ. ಮೈಮುರಿದು ದುಡಿಯುವವರಿಗೆ ಇದು ತಿರುಗುಮುರುಗು: ಕಾಲು ಚಾಚಿ ಕೂರಬೇಕು, ಮಧ್ಯಾಹ್ನ ಕಣ್ಣು ಮುಚ್ಚಬೇಕು, ಜೊತೆಗೆ ಸ್ವಲ್ಪ ಮೆಲುನಡಿಗೆ ಇರಬೇಕು. ರೂಢಿಯಿಲ್ಲದ ಭಾರೀ ಕೆಲಸ ಮಾಡಿದಾಗ ಸ್ನಾಯು ನೋವು ಆ ಹೊತ್ತಿಗೆ ಗೊತ್ತಾಗುವುದಿಲ್ಲ. 24ರಿಂದ 72 ಗಂಟೆಯೊಳಗೆ ಅದು ಏರುತ್ತದೆ. ವಾರದ ಅತಿ ಭಾರದ ಕೆಲಸವನ್ನು ರಜೆಯ ಹಿಂದಿನ ದಿನ ಇಟ್ಟುಕೊಂಡರೆ ರಜೆಯೆಲ್ಲ ನೋವಿನಲ್ಲೇ ಹೋಗುವುದು ಇದಕ್ಕೇ. ಕೆಲಸದ ಕ್ರಮ ನಿಮ್ಮ ಕೈಯಲ್ಲಿದ್ದರೆ ಭಾರದ್ದನ್ನು ವಾರದ ನಡುವೆಯೇ ಮುಗಿಸಿ.

ಮೂರನೆಯ ಬಗೆಯ ದಣಿವನ್ನು ಬಹಳ ಜನ ಗಮನಿಸುವುದೇ ಇಲ್ಲ. ಪಾಠ ಹೇಳುವವರು, ರೋಗಿಗಳನ್ನು ನೋಡುವವರು, ಗಿರಾಕಿಗಳ ಜೊತೆ ದಿನವಿಡೀ ಮಾತಾಡುವವರು ಮಾತಿನಿಂದಲೇ ಬಸವಳಿದಿರುತ್ತಾರೆ. ಅವರ ಬಿಡುವಿನ ದಿನ ನೆಂಟರನ್ನು ಕರೆದರೆ ಅದು ಏಳನೆಯ ಕೆಲಸದ ದಿನ. ಒಬ್ಬರೇ ಕೂತು ದುಡಿಯುವವರಿಗಾದರೆ ಅದೇ ನೆಂಟರ ಮನೆ ಔಷಧಿ. ಒಂದೇ ಮನೆಯಲ್ಲಿ ಇಬ್ಬರೂ ಇದ್ದರೆ ಜಗಳ ಹುಟ್ಟುವುದು ಇಲ್ಲಿಂದಲೇ. ಆದ್ದರಿಂದ ದಿನದ ಮೊದಲ ಭಾಗ ಮೌನಕ್ಕೆ, ಸಂಜೆಯ ಭಾಗ ಜನಕ್ಕೆ ಎಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಕೆಲಸದಾಚೆಯ ಚೇತರಿಕೆಯನ್ನು ಅಳೆಯಲು ಸಬೀನ್ ಸೊನ್ನೆನ್‌ಟಾಗ್ ಮತ್ತು ಶಾರ್ಲೆಟ್ ಫ್ರಿಟ್ಜ್ ಎಂಬ ಮನೋವಿಜ್ಞಾನಿಗಳು 2007ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದು ನಾಲ್ಕು ಅನುಭವಗಳನ್ನು ಕೇಳುತ್ತದೆ: ಕೆಲಸದಿಂದ ಮನಸ್ಸು ಬಿಡಿಸಿಕೊಂಡಿತೇ, ಮೈಮನ ಸಡಿಲವಾಯಿತೇ, ಹೊಸದೇನಾದರೂ ಕೈಗೆ ಹತ್ತಿತೇ, ಹೊತ್ತು ನಿಮ್ಮ ಹಿಡಿತದಲ್ಲಿತ್ತೇ. ಬಗೆಗಳನ್ನು ತೂಗಿ ನೋಡಲು ಈ ನಾಲ್ಕು ಚೆನ್ನಾಗಿ ಒದಗುತ್ತವೆ. ಮಲಗಿಯೇ ಕಳೆದ ದಿನಕ್ಕೆ ಎರಡನೆಯದು ಮಾತ್ರ ಸಿಗುತ್ತದೆ. ಪ್ರವಾಸದ ದಿನಕ್ಕೆ ಮೊದಲನೆಯದೂ ಮೂರನೆಯದೂ ಸಿಗುತ್ತವೆ, ಆದರೆ ಬಸ್ಸು, ರೈಲಿನ ವೇಳೆಗೆ ಓಡುವಾಗ ನಾಲ್ಕನೆಯದು ಕೈತಪ್ಪುತ್ತದೆ.

ಸಂಜೆಯಿಂದ ಸಂಜೆಗೆ

ಇದು ಬಹಳ ಹಳೆಯ ಕ್ರಮ. ಯಹೂದಿಯರ ಸಬ್ಬತ್ ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಶುರುವಾಗಿ ಶನಿವಾರ ಕತ್ತಲಾದ ಮೇಲೆ ಮುಗಿಯುತ್ತದೆ. ಸುಮಾರು 25 ಗಂಟೆ. ಧರ್ಮದ ಮಾತು ಹಾಗಿರಲಿ, ಕಟ್ಟುನಿಟ್ಟಿನ ದೃಷ್ಟಿಯಿಂದ ಇದರಲ್ಲಿ ಕಲಿಯಬೇಕಾದ್ದು ಬಹಳ ಇದೆ. ಅಂದು ಹೊಸದಾಗಿ ಬೆಂಕಿ ಹೊತ್ತಿಸುವಂತಿಲ್ಲ, ಹಾಗಾಗಿ ಅಡುಗೆಯೆಲ್ಲ ಮೊದಲೇ ಆಗಿರಬೇಕು. ಬಿಡುವು ಮನೆಯ ಯಜಮಾನನಿಗೆ ಮಾತ್ರವಲ್ಲ. ಮಕ್ಕಳು, ಆಳುಗಳು, ದನಕರು, ಮನೆಯಲ್ಲಿ ಉಳಿದ ಪರಸ್ಥಳದವರು ಎಲ್ಲರಿಗೂ ಎಂದು ನಿಯಮದಲ್ಲೇ ಹೇಳಿದೆ. ಒಬ್ಬರ ವಿಶ್ರಾಂತಿ ಇನ್ನೊಬ್ಬರ ದುಡಿಮೆಯ ಮೇಲೆ ನಿಲ್ಲಬಾರದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬರೆದಿಟ್ಟದ್ದು ದೊಡ್ಡ ಸಂಗತಿ.

ಸಂಜೆ ಶುರು ಮಾಡುವುದರ ಲಾಭ ಏನು? ಕೆಲಸ ಬಿಟ್ಟ ಮೊದಲ ಎರಡು ಮೂರು ಗಂಟೆ ತಲೆ ಇನ್ನೂ ಕೆಲಸದಲ್ಲೇ ಇರುತ್ತದೆ. ಆ ಹೊತ್ತು ರಾತ್ರಿಯೂಟದ ಆಸುಪಾಸಿನಲ್ಲಿ ಕಳೆದುಹೋಗುತ್ತದೆ, ಮೇಲೆ ಒಂದು ಪೂರ್ತಿ ನಿದ್ದೆ ಬರುತ್ತದೆ. ಬೆಳಗ್ಗೆ ಏಳುವಾಗಲೇ ನೀವು ಬಿಡುವಿನ ನಡುವೆ ಇರುತ್ತೀರಿ. ಇನ್ನೊಂದು ಲಾಭ ಕೊನೆಯಲ್ಲಿದೆ. ಸಂಜೆ ಆರಕ್ಕೆ ಬಿಡುವು ಮುಗಿದರೆ ಮರುದಿನದ ತಯಾರಿಗೆ ಎರಡು ಮೂರು ಗಂಟೆ ಸಿಗುತ್ತದೆ. ನಾಳೆ ಏನು ಕಾದಿದೆಯೋ ಎಂಬ ರಜೆ-ಸಂಜೆಯ ಕಸಿವಿಸಿಗೆ ಒಂದು ಜಾಗ ಸಿಗುತ್ತದೆ. ಅದು ಬಿಡುವಿನೊಳಗೆ ನುಗ್ಗುವುದಿಲ್ಲ.

24 ಗಂಟೆ ಎಂಬ ಅಳತೆಗೂ ಆಧಾರವಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1921ರ 14ನೇ ಒಪ್ಪಂದ, ಕೈಗಾರಿಕಾ ಕಾರ್ಮಿಕರಿಗೆ ಪ್ರತಿ ಏಳು ದಿನಗಳಲ್ಲಿ ಎಡೆಬಿಡದ 24 ಗಂಟೆ ವಿಶ್ರಾಂತಿ ಸಿಗಬೇಕು ಎಂದಿತು. ಯುರೋಪಿಯನ್ ಒಕ್ಕೂಟದ 2003ರ ಕೆಲಸದ ವೇಳೆಯ ನಿರ್ದೇಶನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ವಾರದ 24 ಗಂಟೆಗೆ ದಿನನಿತ್ಯದ 11 ಗಂಟೆಯ ಬಿಡುವನ್ನೂ ಸೇರಿಸಬೇಕು ಎನ್ನುತ್ತದೆ, ಒಟ್ಟು 35 ಗಂಟೆ. ಕಾರಣ ಸರಳ. ರಾತ್ರಿ ಹತ್ತಕ್ಕೆ ಕೆಲಸ ಬಿಟ್ಟು ಮರುದಿನ ರಾತ್ರಿ ಹತ್ತಕ್ಕೆ ಹಾಜರಾದರೂ ಲೆಕ್ಕದಲ್ಲಿ 24 ಗಂಟೆಯೇ. ಆದರೆ ಅದರಲ್ಲಿರುವುದು ಒಂದೇ ರಾತ್ರಿಯ ನಿದ್ದೆ. ಎರಡು ರಾತ್ರಿಗಳ ನಡುವೆ ಹಗಲೊಂದು ಬಂದಾಗಲೇ ಮೈ ಹಗುರಾಗುತ್ತದೆ. ಸಂಜೆ ಆರಕ್ಕೆ ಶುರು ಮಾಡಿ, ಮರುದಿನ ಸಂಜೆ ಒಂದಿಷ್ಟು ಮನೆಯ ತಯಾರಿ ಮಾಡಿಕೊಂಡು ಮಲಗಿ, ಬೆಳಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೋದರೆ ಉದ್ಯೋಗದಿಂದ ದೂರವಿದ್ದ ಹೊತ್ತು 39 ಗಂಟೆ.

ಈ ಬಗೆ ನಿಲ್ಲುವುದೂ ಬೀಳುವುದೂ ಶುರುವಿನ ಮುಂಚಿನ ಮುಕ್ಕಾಲು ಗಂಟೆಯ ಮೇಲೆ. ಆರಕ್ಕೆ ಬಿಡುವು ಎಂದಾದರೆ ಐದೂಕಾಲಿಗೆ ಹೊಸ ಕೆಲಸ ಕೈಗೆತ್ತಿಕೊಳ್ಳುವುದನ್ನು ನಿಲ್ಲಿಸಿ. ಒಂದು ಹಾಳೆ ತೆಗೆದುಕೊಂಡು ಅರ್ಧಕ್ಕೆ ನಿಂತ ಕೆಲಸಗಳನ್ನೆಲ್ಲ ಬರೆಯಿರಿ. ಹೆಸರು ಮಾತ್ರ ಬರೆದರೆ ಸಾಲದು. ಪ್ರತಿಯೊಂದರ ಮುಂದೆ ಮುಂದಿನ ಒಂದು ಹೆಜ್ಜೆ, ಅದರ ದಿನ ಮತ್ತು ವೇಳೆ ಇರಲಿ. 'ವರದಿ' ಎಂದು ಬರೆದರೆ ಅದು ತಲೆಯಲ್ಲೇ ಸುತ್ತುತ್ತಿರುತ್ತದೆ. 'ವರದಿಯ ಮೂರನೇ ಪುಟದ ಅಂಕಿ ಸರಿಪಡಿಸುವುದು, ಸೋಮವಾರ ಹತ್ತು ಗಂಟೆ' ಎಂದು ಬರೆದರೆ ಬಿಟ್ಟುಹೋಗುತ್ತದೆ. ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಮನೋವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಇದನ್ನೇ ತೋರಿಸಿದವು: ಮುಗಿಯದ ಕೆಲಸ ಮನಸ್ಸನ್ನು ಕಾಡುವುದು ನಿಲ್ಲಲು ಅದು ಮುಗಿಯಲೇಬೇಕಿಲ್ಲ, ನಿಖರವಾದ ಯೋಜನೆ ಇದ್ದರೆ ಸಾಕು. ಹಾಳೆ ಬರೆಯಲು 15 ನಿಮಿಷ. ನಂತರದ 10 ನಿಮಿಷದಲ್ಲಿ ಕಾಯುತ್ತಿರುವ ಒಬ್ಬಿಬ್ಬರಿಗೆ 'ನಾಳೆ ಸಂಜೆ ಆರರ ಮೇಲೆ ಉತ್ತರಿಸುತ್ತೇನೆ' ಎಂಬ ಸಂದೇಶ. ಉಳಿದ 20 ನಿಮಿಷ ಮನೆಗೆ: ಪಾತ್ರೆ, ನೀರು, ಬೆಳಗಿನ ಊಟತಿಂಡಿಯ ಅಣಿ, ಕಸ. ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿ, ಚೀಲಕ್ಕೆ ಹಾಕಿ, ಹಾಳೆಯನ್ನೂ ಅದರ ಜೊತೆಗಿಟ್ಟು ಚೀಲವನ್ನು ಕಪಾಟಿನೊಳಗಿಡಿ. ಮೇಜಿನ ಮೇಲೆ ಬಿಟ್ಟರೆ ಹಾದುಹೋಗುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ, ರಾತ್ರಿ ಒಂಬತ್ತಕ್ಕೆ ಐದೇ ನಿಮಿಷ ಎಂದು ತೆರೆಯುತ್ತೀರಿ.

ಎಲ್ಲಿ ಕೆಡುತ್ತದೆ? ಕೆಲಸವೇ ರಾತ್ರಿ ಎಂಟೂವರೆಗೆ ಮುಗಿಯುವವರು ಆರರ ಗಡಿ ಇಟ್ಟುಕೊಂಡರೆ ವಾರವಾರವೂ ತಪ್ಪುತ್ತದೆ, ಒಂದು ತಿಂಗಳಲ್ಲಿ ಗಡಿಗೇ ಬೆಲೆ ಇರುವುದಿಲ್ಲ. ಅವರು ಮುಂದಿನ ಬಗೆಯನ್ನು ಆರಿಸಿಕೊಳ್ಳುವುದು ಲೇಸು. ಸೂರ್ಯಾಸ್ತವನ್ನೇ ಗಡಿ ಮಾಡಿಕೊಳ್ಳುವ ಆಸೆ ಕೆಲವರಿಗೆ ಇರುತ್ತದೆ. ಸುಂದರವಾದ ಆಲೋಚನೆ, ಆದರೆ ಭೂಮಧ್ಯರೇಖೆಯಿಂದ ದೂರವಿರುವ ಕಡೆ ಋತು ಬದಲಾದಂತೆ ಅದು ಗಂಟೆಗಟ್ಟಲೆ ಹಿಂದುಮುಂದಾಗುತ್ತದೆ. ಧರ್ಮದ ಕಟ್ಟು ಇಲ್ಲದಿದ್ದರೆ ಗಡಿಯಾರದ ವೇಳೆಯೇ ಸುಲಭ.

ಎದ್ದಾಗಿನಿಂದ ಮಲಗುವವರೆಗೆ

ಇದರ ದೊಡ್ಡ ಗುಣ, ಯಾರಿಗೂ ವಿವರಿಸಿ ಹೇಳಬೇಕಿಲ್ಲ. 'ನಾನು ಇಂಥ ದಿನ ಸಿಗುವುದಿಲ್ಲ' ಎಂದರೆ ಮುಗಿಯಿತು. ಮಕ್ಕಳ ಶಾಲೆ, ಕಚೇರಿ, ಗೆಳೆಯರ ರಜೆ ಎಲ್ಲಕ್ಕೂ ಹೊಂದುತ್ತದೆ.

ದೋಷ ಎರಡೂ ತುದಿಯಲ್ಲಿದೆ. ನಾಳೆ ಹೇಗೂ ರಜೆ ಎಂದು ಹಿಂದಿನ ರಾತ್ರಿ ಒಂದು ಗಂಟೆಯವರೆಗೆ ಎಚ್ಚರವಿರುತ್ತೀರಿ. ಬೆಳಗ್ಗೆ ಹತ್ತಕ್ಕೆ ಏಳುತ್ತೀರಿ. ಸ್ನಾನ ತಿಂಡಿ ಆಗುವಷ್ಟರಲ್ಲಿ ಮಧ್ಯಾಹ್ನ. ಸಂಜೆ ಐದಕ್ಕೆಲ್ಲ ನಾಳೆಯ ಚಿಂತೆ. 16 ಗಂಟೆಯ ದಿನದಲ್ಲಿ ನಿಜವಾಗಿ ದಕ್ಕಿದ್ದು ನಾಲ್ಕೈದು ಗಂಟೆ.

ಇದಕ್ಕೆ ಎರಡು ತಿದ್ದುಪಡಿ ಸಾಕು. ಕೆಲಸದ ದಿನ ಮಲಗುವ ಮತ್ತು ಏಳುವ ವೇಳೆಗಿಂತ ರಜೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ವ್ಯತ್ಯಾಸ ಬೇಡ. ವಾರದ ನಿದ್ದೆಗೂ ರಜೆಯ ನಿದ್ದೆಗೂ ನಡುವೆ ಮೂರು ಗಂಟೆ ಜರುಗಿದರೆ ದೇಹದ ಗಡಿಯಾರಕ್ಕೆ ಮೂರು ಗಂಟೆ ವ್ಯತ್ಯಾಸದ ದೇಶಕ್ಕೆ ಹೋಗಿ ಬಂದಂತೆಯೇ. ಜರ್ಮನಿಯ ನಿದ್ರಾವಿಜ್ಞಾನಿ ಟಿಲ್ ರೊನೆಬರ್ಗ್ ಮತ್ತು ಸಂಗಡಿಗರು 2006ರಲ್ಲಿ ಇದಕ್ಕೆ 'ಸೋಶಿಯಲ್ ಜೆಟ್‌ಲ್ಯಾಗ್' ಎಂದು ಹೆಸರಿಟ್ಟರು. ನಿದ್ದೆ ಬಾಕಿ ಇದ್ದರೆ ರಾತ್ರಿ ಒಂದು ಗಂಟೆ ಮೊದಲು ಮಲಗಿ, ಇಲ್ಲವೇ ಮಧ್ಯಾಹ್ನ ಮೂರರೊಳಗೆ 20–30 ನಿಮಿಷ ಕಣ್ಣು ಮುಚ್ಚಿ. ಅದಕ್ಕಿಂತ ಹೆಚ್ಚಾದರೆ ಗಾಢ ನಿದ್ದೆಯಿಂದ ಎದ್ದ ಮಂಕು ಕವಿಯುತ್ತದೆ, ರಾತ್ರಿಯ ನಿದ್ದೆಯೂ ತಡವಾಗುತ್ತದೆ. ಎರಡನೆಯ ತಿದ್ದುಪಡಿ: ಬಿಡುವನ್ನು ಮಲಗುವವರೆಗೆ ಎಳೆಯಬೇಡಿ. ಸಂಜೆ ಏಳೂವರೆಗೆ ಮುಗಿಯಿತು ಎಂದು ಇಟ್ಟುಕೊಂಡು, ಅಲ್ಲಿಂದ 30 ನಿಮಿಷ ನಾಳೆಗೆ ಬೇಕಾದ್ದನ್ನು ಎತ್ತಿಟ್ಟುಕೊಳ್ಳಿ. ಚಿಂತೆಯನ್ನು ತಡೆಯಲು ನೋಡುವುದಕ್ಕಿಂತ ಅದಕ್ಕೊಂದು ವೇಳೆ ಕೊಡುವುದು ಹೆಚ್ಚು ಕೆಲಸ ಮಾಡುತ್ತದೆ.

ಎರಡು ಅರ್ಧ ದಿನ

ಪುಟ್ಟ ಮಗು ಇರುವ ಮನೆಯಲ್ಲಿ 'ಎಲ್ಲರಿಗೂ ಇಡೀ ದಿನ ವಿಶ್ರಾಂತಿ' ಎಂಬುದು ಆಗದ ಮಾತು. ಮಗುವಿಗೆ ಹಸಿವಾಗುತ್ತದೆ, ಬಟ್ಟೆ ಒದ್ದೆಯಾಗುತ್ತದೆ, ರೋಗಿಗೆ ಔಷಧಿಯ ವೇಳೆ ಬರುತ್ತದೆ. ಹೀಗಿರುವಾಗ ಇಡೀ ದಿನದ ವಿಶ್ರಾಂತಿ ಘೋಷಿಸಿದರೆ ಅದು ಒಬ್ಬರಿಗೆ ಸಿಕ್ಕಿ ಇನ್ನೊಬ್ಬರ ಮೇಲೆ ಬೀಳುತ್ತದೆ. ಬಹುತೇಕ ಮನೆಗಳಲ್ಲಿ ಆ ಇನ್ನೊಬ್ಬರು ಹೆಂಗಸರೇ. ಮನೆಯವರೆಲ್ಲ ಹಾಯಾಗಿದ್ದಾರೆ, ಅವತ್ತು ಅಡುಗೆಮನೆಯಲ್ಲಿ ಮಾತ್ರ ಎಂದಿಗಿಂತ ಹೆಚ್ಚು ಕೆಲಸ; ಇದನ್ನು ವಿಶ್ರಾಂತಿಯ ದಿನ ಎಂದು ಕರೆಯಲು ನಾವು ಒಪ್ಪುವುದಿಲ್ಲ. ಅಂಥ ಕಡೆ ಸರದಿಯೇ ನ್ಯಾಯ.

ಲೆಕ್ಕ ಹೀಗೆ. ವಾರದಲ್ಲಿ ಎರಡು ತುಂಡು, ತಲಾ ಆರು ಗಂಟೆ, ಪ್ರತಿಯೊಬ್ಬ ವಯಸ್ಕರಿಗೂ. ಒಬ್ಬರಿಗೆ ಶನಿವಾರ ಬೆಳಗ್ಗೆ ಆರರಿಂದ ಹನ್ನೆರಡು, ಇನ್ನೊಬ್ಬರಿಗೆ ಅಂದೇ ಮಧ್ಯಾಹ್ನ ಒಂದರಿಂದ ಏಳು, ಮರುದಿನ ಅದಲುಬದಲು. ನಡುವಿನ ಒಂದು ಗಂಟೆ ಇಬ್ಬರೂ ಕೂಡಿ ಉಣ್ಣಲು. ನಾಲ್ಕು ಗಂಟೆಗಿಂತ ಕಡಿಮೆ ಮಾಡಬೇಡಿ. ಮನಸ್ಸು ಕೆಲಸದಿಂದ ಇಳಿಯಲು ಮುಕ್ಕಾಲು ಗಂಟೆ, ಮತ್ತೆ ಹತ್ತಲು ಅರ್ಧ ಗಂಟೆ ಹೋಗುತ್ತದೆ. ಮೂರು ಗಂಟೆಯ ತುಂಡಿನಲ್ಲಿ ಉಳಿಯುವುದು ಬಹಳ ಕಡಿಮೆ. ದಿನಕ್ಕೊಂದು ಗಂಟೆಯಂತೆ ಏಳು ದಿನ ಹಂಚಿಕೊಂಡರೆ ಆಗದೇ ಎಂದು ಕೇಳುವವರಿದ್ದಾರೆ. ದಿನಕ್ಕೊಂದು ಗಂಟೆ ಬೇಕೇಬೇಕು, ಆದರೆ ಅದು ವಾರದ ಬಿಡುವಿಗೆ ಬದಲಿ ಆಗುವುದಿಲ್ಲ.

ಸರದಿ ಬದಲಾಗುವಾಗ ಹತ್ತು ನಿಮಿಷ ಕೂತು ಮಾತಾಡಿ, ಜೊತೆಗೆ ಒಂದು ಚೀಟಿ: ಮಗು ಕೊನೆಯ ಸಲ ಉಂಡದ್ದು ಎಷ್ಟಕ್ಕೆ, ಮಲಗಿದ್ದು ಎಷ್ಟಕ್ಕೆ, ಮುಂದಿನ ಔಷಧಿ ಯಾವುದು, ಎಷ್ಟು, ಯಾವಾಗ, ಒಗೆದ ಬಟ್ಟೆ ಎಲ್ಲಿದೆ. ಚೀಟಿ ಇಲ್ಲದಿದ್ದರೆ ಬಿಡುವಿನಲ್ಲಿರುವವರಿಗೆ ಅರ್ಧ ಗಂಟೆಗೊಮ್ಮೆ ಪ್ರಶ್ನೆ ಬರುತ್ತದೆ. 'ಅದೆಲ್ಲಿದೆ' ಎಂಬ ಒಂದು ಪ್ರಶ್ನೆಗೆ ಉತ್ತರಿಸಿದರೂ ಮನೆಯ ಲೆಕ್ಕವೆಲ್ಲ ಮತ್ತೆ ತಲೆಗೇರುತ್ತದೆ. ನೋಡಿಕೊಳ್ಳುವ ಸರದಿಯವರು ತಮ್ಮ ರೀತಿಯಲ್ಲಿ ನೋಡಿಕೊಳ್ಳಲಿ. ಬಟ್ಟೆ ಬೇರೆ ರೀತಿ ಮಡಚಿದರು ಎಂದು ಎದ್ದುಹೋಗಿ ತಿದ್ದಿದರೆ ಬಿಡುವು ಅಲ್ಲಿಗೆ ಮುರಿಯಿತು.

ಆದಷ್ಟೂ ಮನೆಯಿಂದ ಹೊರಗೆ ಹೋಗಿ, ಆಗದಿದ್ದರೆ ಬಾಗಿಲು ಹಾಕಿದ ಕೋಣೆ. ಎರಡು ವರ್ಷದ ಮಗುವಿಗೆ ಕಣ್ಣೆದುರು ಕೂತ ತಾಯಿ ಅಥವಾ ತಂದೆ ಬಿಡುವಿನಲ್ಲಿದ್ದಾರೆ ಎಂಬುದು ಅರ್ಥವಾಗುವುದಿಲ್ಲ, ಅರ್ಥವಾಗಬೇಕೆಂದು ಬಯಸುವುದೂ ತಪ್ಪು.

ಒಬ್ಬರೇ ಮಗುವನ್ನು ಸಾಕುತ್ತಿರುವವರಿಗೆ ಈ ಅದಲುಬದಲು ಮನೆಯೊಳಗೆ ಸಾಧ್ಯವಿಲ್ಲ. ಅವರಿಗೆ ಇಂಥದೇ ಪರಿಸ್ಥಿತಿಯ ಇನ್ನೊಂದು ಮನೆಯ ಜೊತೆ ಒಪ್ಪಂದ ಬೇಕು: ಒಂದು ವಾರ ಇವರ ಮನೆಯಲ್ಲಿ ಎರಡೂ ಮನೆಯ ಮಕ್ಕಳು, ಮುಂದಿನ ವಾರ ಅಲ್ಲಿ. ಆಗ ಹದಿನೈದು ದಿನಕ್ಕೊಂದು ಅರ್ಧ ದಿನವೇ ಸಿಗುವುದು. ಕಡಿಮೆಯೇ ಹೌದು. ಆದರೂ ಯಾವಾಗ ಸಿಗುತ್ತದೆ ಎಂದು ಮೊದಲೇ ಗೊತ್ತಿರುವ ಅರ್ಧ ದಿನಕ್ಕೆ ಬಹಳ ತೂಕವಿದೆ.

ಪಾಳಿಯವರ ಬದಲಾಗುವ ದಿನ

ರಾತ್ರಿಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಬಂದ ದಿನವನ್ನೇ ರಜೆ ಎಂದು ಎಣಿಸುವುದು ಇಲ್ಲಿ ಅತಿ ಸಾಮಾನ್ಯ ತಪ್ಪು. ಅದು ನಿದ್ದೆಯ ಸಾಲ ತೀರಿಸುವ ದಿನ. ಉದಾಹರಣೆಗೆ, ಗುರುವಾರ ಬೆಳಗ್ಗೆ ಏಳಕ್ಕೆ ಪಾಳಿ ಮುಗಿಯಿತು, ಮುಂದಿನ ಪಾಳಿ ಶನಿವಾರ ರಾತ್ರಿ ಹತ್ತಕ್ಕೆ. ಗುರುವಾರ ಎಂಟೂವರೆಯಿಂದ ಹನ್ನೆರಡರವರೆಗೆ ಕತ್ತಲೆ ಕೋಣೆಯಲ್ಲಿ ಮಲಗಿ, ಎದ್ದು ಸ್ವಲ್ಪ ಬಿಸಿಲಿಗೆ ಮೈಯೊಡ್ಡಿ, ರಾತ್ರಿ ಹತ್ತಕ್ಕೆ ಮತ್ತೆ ಮಲಗಿ. ಮಧ್ಯಾಹ್ನ ನಾಲ್ಕರವರೆಗೂ ಮಲಗಿಬಿಟ್ಟರೆ ಆ ರಾತ್ರಿ ನಿದ್ದೆ ಹತ್ತಿರ ಸುಳಿಯುವುದಿಲ್ಲ. ವಿಶ್ರಾಂತಿಯ ದಿನ ಶುರುವಾಗುವುದು ಶುಕ್ರವಾರ ಎದ್ದಾಗ; ಮುಗಿಯುವುದು ಶನಿವಾರ ಮಧ್ಯಾಹ್ನ. ಆಮೇಲೆ ಪಾಳಿಗೆ ಮೊದಲು ಒಂದೂವರೆ ಗಂಟೆ ಮಲಗಿ ಹೊರಡಿ. ಎರಡು ಪಾಳಿಗಳ ನಡುವೆ ಒಂದೇ ದಿನ ಇದ್ದರೆ ಅದನ್ನು ಪೂರ್ತಿ ನಿದ್ದೆಗೆ ಬಿಟ್ಟು, ಮುಂದಿನ ದೊಡ್ಡ ಬಿಡುವಿನಲ್ಲಿ ವಿಶ್ರಾಂತಿಯ ದಿನ ಇಟ್ಟುಕೊಳ್ಳಿ. ಇಡೀ ರಾತ್ರಿ ಎಚ್ಚರವಿದ್ದು ಸೀದಾ ಗಾಡಿ ಓಡಿಸಿಕೊಂಡು ಪ್ರವಾಸ ಹೊರಡುವುದಂತೂ ಬೇಡವೇ ಬೇಡ.

ಪಾಳಿಯ ಪಟ್ಟಿ ಕೈಗೆ ಬಂದ ದಿನವೇ ತಿಂಗಳ ನಾಲ್ಕೂ ದಿನಗಳನ್ನು ಗುರುತು ಹಾಕಿ, ಮನೆಯವರಿಗೆ ಕಾಣುವಂತೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಆ ವಾರ ಬಂದಾಗ ನೋಡೋಣ ಎಂದರೆ ಬೇರೆಯವರು ಪಾಳಿ ಬದಲಿಸಿಕೊಳ್ಳಲು ಕೇಳಿದಾಗ ನಿಮ್ಮ ಖಾಲಿ ದಿನವೇ ಮೊದಲು ಹೋಗುತ್ತದೆ.

ಈ ಬಗೆಯ ನಿಜವಾದ ಕೊರತೆ ದಣಿವಿಗಿಂತ ಒಂಟಿತನ. ಸೋವಿಯತ್ ಒಕ್ಕೂಟ 1929ರಲ್ಲಿ ಯಂತ್ರಗಳು ಎಂದೂ ನಿಲ್ಲದಿರಲಿ ಎಂದು ಐದು ದಿನದ ವಾರ ತಂದಿತು. ಕಾರ್ಮಿಕರನ್ನು ಐದು ಗುಂಪು ಮಾಡಿ, ಪ್ರತಿ ಗುಂಪಿಗೂ ಬೇರೆ ಬೇರೆ ರಜಾದಿನ ಕೊಟ್ಟಿತು. ಐದು ದಿನಕ್ಕೊಂದು ರಜೆ ಎಂದರೆ ಲೆಕ್ಕದಲ್ಲಿ ಮೊದಲಿಗಿಂತ ಹೆಚ್ಚೇ. ಆದರೆ ಗಂಡನ ರಜೆ ಒಂದು ದಿನ, ಹೆಂಡತಿಯದು ಇನ್ನೊಂದು ದಿನ ಬಿದ್ದಾಗ ಆ ಹೆಚ್ಚುವರಿ ರಜೆ ಯಾರಿಗೂ ರುಚಿಸಲಿಲ್ಲ. 1931ರಲ್ಲಿ ಎಲ್ಲರಿಗೂ ಒಂದೇ ದಿನ ರಜೆ ಇರುವ ಆರು ದಿನದ ವಾರಕ್ಕೆ ಬಂದರು, 1940ರಲ್ಲಿ ಏಳು ದಿನದ ವಾರ ಮತ್ತು ಭಾನುವಾರದ ರಜೆಗೆ ಮರಳಿದರು. ಹಾಗಾಗಿ ದಿನ ಬದಲಾಗುವವರು ತಿಂಗಳಿಗೆ ಒಂದು ದಿನವನ್ನಾದರೂ ಮನೆಯ ಉಳಿದವರ ರಜೆಗೆ ಹೊಂದಿಸಿಕೊಳ್ಳಬೇಕು. ಪಾಳಿ ಬದಲಿಯ ಬೇಡಿಕೆ ಇಡುವುದಾದರೆ ಅದಕ್ಕೇ ಇಡಿ. ಅಂತರ ಏಳು ದಿನ ಮೀರದಂತೆಯೂ ನೋಡಿಕೊಳ್ಳಿ. ಕ್ರಾಂತಿಯ ಕಾಲದ ಫ್ರಾನ್ಸ್ 1793ರಲ್ಲಿ ಹತ್ತು ದಿನದ ವಾರ ಮಾಡಿ ಹತ್ತನೆಯ ದಿನವನ್ನು ರಜೆಯಾಗಿಸಿತ್ತು. ಅದು ಜನರ ಬದುಕಿಗೆ ಒಗ್ಗಲೇ ಇಲ್ಲ, 1806ರ ಹೊತ್ತಿಗೆ ಆ ಕ್ಯಾಲೆಂಡರನ್ನೇ ಕೈಬಿಡಲಾಯಿತು.

ಫೋನ್ ವಿಚಾರ

ಇಲ್ಲಿ ಮೂರು ಮಟ್ಟ. ಪೂರ್ತಿ ಬಂದ್ ಮಾಡುವುದು ಎಲ್ಲಕ್ಕಿಂತ ಸುಲಭ, ಏಕೆಂದರೆ ಒಂದೇ ಸಲ ತೀರ್ಮಾನಿಸಿದರೆ ಸಾಕು. ಆದರೆ ವಯಸ್ಸಾದ ತಂದೆತಾಯಿ ದೂರದಲ್ಲಿದ್ದರೆ ಇದು ನೆಮ್ಮದಿಗಿಂತ ಆತಂಕವನ್ನೇ ತರುತ್ತದೆ. ನಡುವಿನ ಮಟ್ಟ, ಕರೆಗಳಷ್ಟೇ ಬರುವಂತೆ ಇಂಟರ್ನೆಟ್ ಆರಿಸುವುದು. ಬಹಳ ಮನೆಗಳಿಗೆ ನಾವು ಹೇಳುವುದು ಇದನ್ನೇ. ಮೂರನೆಯದು, ಇಂಥ ಆ್ಯಪ್ ನೋಡಬಹುದು, ಇಂಥದ್ದು ನೋಡಬಾರದು ಎಂಬ ನಿಯಮ. ಇದು ಎರಡು ವಾರವೂ ನಿಲ್ಲುವುದಿಲ್ಲ. ಪ್ರತಿ ಸಲ ಫೋನ್ ಎತ್ತಿದಾಗಲೂ ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ.

ನಡುವಿನ ಮಟ್ಟಕ್ಕೆ 'ಡು ನಾಟ್ ಡಿಸ್ಟರ್ಬ್' ಹಾಕಿ, ನಾಲ್ಕೈದು ಹತ್ತಿರದವರ ಕರೆ ಮಾತ್ರ ಸದ್ದು ಮಾಡುವಂತೆ ಇಡಿ. ಉಳಿದವರಿಂದ ನಿಜಕ್ಕೂ ತುರ್ತು ಕರೆ ಬಂದರೆ ಎಂಬ ಭಯಕ್ಕೂ ದಾರಿಯಿದೆ. ಮತ್ತೆ ಮತ್ತೆ ಕರೆ ಮಾಡುವವರಿಗೆ ಅವಕಾಶ ಕೊಡುವ ಆಯ್ಕೆ ಆನ್ ಮಾಡಿದರೆ, ಐಫೋನ್‌ನಲ್ಲಿ ಮೂರು ನಿಮಿಷದೊಳಗೆ, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ ಅದೇ ನಂಬರಿನಿಂದ ಬರುವ ಎರಡನೆಯ ಕರೆ ಸದ್ದು ಮಾಡುತ್ತದೆ. ಫೋನನ್ನು ಮಲಗುವ ಕೋಣೆಯಲ್ಲಿ ಬೇಡ, ಬಾಗಿಲ ಬಳಿ ಎದ್ದುಹೋಗಿ ತೆಗೆಯಬೇಕಾದ ಕಡೆ ಇಡಿ. ವೇಳೆ ನೋಡಲು ಕೈಗಡಿಯಾರ, ಏಳಲು ಅಲಾರಾಂ ಗಡಿಯಾರ ಇರಲಿ. ವೇಳೆ ನೋಡಲೆಂದು ಎತ್ತಿಕೊಂಡ ಫೋನ್ ಅರ್ಧ ಗಂಟೆ ಕೈಯಲ್ಲೇ ಉಳಿಯುತ್ತದೆ. ಟಿಕೆಟ್, ನಕ್ಷೆ, ವಿಳಾಸ ಬೇಕಿದ್ದರೆ ಹಿಂದಿನ ದಿನವೇ ಕಾಗದದ ಮೇಲೆ ಬರೆದುಕೊಳ್ಳಿ.

ಮೊದಲ ತಿಂಗಳು ಕೆಡುವುದು ಎಲ್ಲಿ

ಮೊದಲ ಎರಡು ಮೂರು ವಾರ ಚಡಪಡಿಕೆ ಇರುತ್ತದೆ. ಕೈ ಖಾಲಿ ಇದ್ದರೆ ತಪ್ಪು ಮಾಡಿದಂತೆ ಅನಿಸುತ್ತದೆ, ಧೂಳು ಕಾಣುತ್ತದೆ, ಕಪಾಟು ಜೋಡಿಸಬೇಕೆನಿಸುತ್ತದೆ. ಮನೆಗೆಲಸ ಹಿಂಬಾಗಿಲಿನಿಂದ ಒಳಬರುವುದು ಹೀಗೆಯೇ. ಒಂದು ಗೆರೆ ಹಾಕಿಕೊಳ್ಳಿ: ಅಂದಿಗೆ ಬೇಕಾದ್ದು ಸರಿ, ನಾಳೆಗಾಗಿ ಮಾಡುವುದು ಬೇಡ. ಉಂಡ ತಟ್ಟೆ ತೊಳೆಯಬಹುದು, ವಾರದ ಬಟ್ಟೆ ಇಸ್ತ್ರಿ ಬೇಡ. ಗಿಡಕ್ಕೆ ನೀರು ಹಾಕಬಹುದು, ಹೊಸ ಪಾತಿ ಅಗೆಯುವುದು ಬೇಡ. ಅಗೆಯುವುದೇ ನಿಮ್ಮ ಸಂತೋಷವಾದರೆ ಅಗೆಯಿರಿ, ಆದರೆ ಇಂದೇ ಮುಗಿಸಬೇಕೆಂಬ ಗುರಿ ಬೇಡ. ಬೇಡವೆಂದ ಕೆಲಸಗಳಿಗೆ ಹಿಂದಿನ ಎರಡು ದಿನಗಳಲ್ಲಿ ಜಾಗ ಮಾಡಬೇಕು. ಆರು ಜನರ ಮನೆಯ ಒಗೆತ, ಸಾಮಾನು, ಶುಚಿ ಮೂರನ್ನೂ ರಜೆಯ ಹಿಂದಿನ ಸಂಜೆ ಮುಗಿಸುತ್ತೇವೆ ಎಂದರೆ ಆಗುವುದಿಲ್ಲ. ಒಗೆತವನ್ನು ಎರಡು ದಿನ ಮೊದಲೇ, ಸಾಮಾನನ್ನು ವಾರದ ನಡುವೆ ಮುಗಿಸಿ.

ತಲೆನೋವು ಇನ್ನೊಂದು. ಕೆಲಸದ ದಿನ ಬೆಳಗ್ಗೆ ಏಳಕ್ಕೆ ಕಾಫಿ ಅಥವಾ ಟೀ ಕುಡಿಯುವವರು ರಜೆಯಲ್ಲಿ ಹತ್ತೂವರೆಗೆ ಕುಡಿದರೆ ಕೆಫೀನ್ ಸಿಗದ ಹೊತ್ತು ಉದ್ದವಾಗುತ್ತದೆ. ಕೊನೆಯ ಲೋಟದಿಂದ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಪರು ಶುರುವಾಗುವುದು ಗೊತ್ತಿರುವ ಸಂಗತಿ. ಮೊದಲ ಲೋಟದ ವೇಳೆಯನ್ನು ಬದಲಿಸಬೇಡಿ. ಬಿಟ್ಟೇಬಿಡಬೇಕು ಎಂದಿದ್ದರೆ ವಿಶ್ರಾಂತಿಯ ದಿನವನ್ನು ಅದಕ್ಕೆ ಆರಿಸಿಕೊಳ್ಳಬೇಡಿ, ದಿನಗಳ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿ.

ಖಾಲಿ ದಿನ ಬೇಸರ ತರಿಸಿದರೆ ಅದನ್ನು ತುಂಬಿಸಲು ಓಡಬೇಡಿ, ಒಂದೆರಡು ಗಟ್ಟಿ ಸಂಗತಿ ಮಾತ್ರ ಇಡಿ: ಬೆಳಗಿನ ಒಂದು ಗಂಟೆ ನಡಿಗೆ, ವಾದ್ಯದ ಅಭ್ಯಾಸ, ಚಿತ್ರ ಬಿಡಿಸುವುದು, ಪ್ರಾರ್ಥನೆ, ಗೆಳೆಯರ ಭೇಟಿ. ಒಂದು ಮಧ್ಯಾಹ್ನಕ್ಕೆ ಮೊದಲು, ಒಂದು ನಂತರ, ಅಷ್ಟಕ್ಕೇ ನಿಲ್ಲಿಸಿ. ಮೂರನೆಯದು ಸೇರಿದರೆ ಒಂದರಿಂದ ಒಂದಕ್ಕೆ ಓಡಾಟ ಶುರುವಾಗುತ್ತದೆ.

ಒಂದು ವಾರ ತಪ್ಪಿದರೆ ಅದನ್ನು ಮುಂದಿನ ವಾರಕ್ಕೆ ಸೇರಿಸಿ ಎರಡು ದಿನ ಮಾಡಲು ಹೋಗಬೇಡಿ. ಆ ಎರಡನೆಯ ದಿನ ಸಿಗುವುದಿಲ್ಲ, ಬಾಕಿ ಬೆಳೆಯುತ್ತದೆ. ತಪ್ಪಿದ್ದನ್ನು ಬಿಟ್ಟು ಮುಂದಿನ ದಿನವನ್ನು ಅದರ ವೇಳೆಗೇ ಶುರು ಮಾಡಿ. ಸತತ ಮೂರು ವಾರ ತಪ್ಪಿದರೆ ನೀವು ಆರಿಸಿದ ಬಗೆ ನಿಮ್ಮ ಮನೆಗೆ ಹೊಂದಿಲ್ಲ ಎಂದರ್ಥ. ಆಗ ಗಡಿಯ ವೇಳೆಯನ್ನು ಬದಲಿಸಿ ನೋಡಿ, ಅದೂ ಆಗದಿದ್ದರೆ ಅರ್ಧ ದಿನಗಳಿಗೆ ಬನ್ನಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ವಾರವಾರವೂ ಬಿಡುವು ಸರಿಯಾಗಿ ಸಿಗುತ್ತಿದ್ದು, ನಿದ್ದೆಯೂ ಆಗುತ್ತಿದ್ದು, ಒಂದೂವರೆ ಎರಡು ತಿಂಗಳಾದರೂ ಸುಸ್ತು ಇಳಿಯದಿದ್ದರೆ, ಏದುಸಿರು, ಕಾರಣವಿಲ್ಲದೆ ತೂಕ ಇಳಿಯುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಕಂಡರೆ ವೈದ್ಯರನ್ನು ನೋಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವುಗಳ ದಣಿವು ರಜೆಯಿಂದ ಹೋಗುವಂಥದ್ದಲ್ಲ.